ಝೀಟಾ ಹೋಗುತ್ತಿದ್ದ ಕಾಡು

ಝೀಟಾಳ ಕಾಲಿಗೆ ಬಿಳಿ ಕಾಲುಚೀಲ ಏರಿಸುತ್ತಿದ್ದ ಪುಷ್ಪಾವತಿಯ ಬೆರಳಿಗೆ ಹಿಮ್ಮಡಿಯ ಬಿರುಕುಗಳು ತಾಗಿದವು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುತ್ತ ವರ್ಷಗಟ್ಟಲೆ ನೀರಿನಲ್ಲಿ ನಿಂತ ಕಾಲುಗಳು. ಪರ್ಕಳದ ಬಾಡಿಗೆ ಕೋಣೆಗಳಲ್ಲಿ ಇವರಿಬ್ಬರ ನಡುವೆ ಇದ್ದದ್ದು ಒಂದೇ ಗೋಡೆ. ನಿನ್ನೆ ಬೆಳಿಗ್ಗೆ ಆ ಗೋಡೆಯಾಚೆ ಸದ್ದೇ ಇಲ್ಲವೆಂದು ಹೋಗಿ ಬಾಗಿಲು ತಟ್ಟಿದವಳೂ ಪುಷ್ಪಾವತಿಯೇ.

ಹೆಣವನ್ನು ಅಜೆಕಾರಿಗೆ, ಝೀಟಾಳ ತಮ್ಮ ಜೋಕಿಮನ ಮನೆಗೆ ತಂದಿದ್ದರು.

"ಸಿಸ್ಟರ್ ಆಗ್ಲಿಕ್ಕೆ ಹೋದವಳು ಕಾನ್ವೆಂಟು ಬಿಟ್ಟು ಎಂತಕ್ಕೆ ಬಂದದ್ದು ಅಂತ ಕೊನೆಗೂ ಹೇಳಲಿಲ್ಲ, ಅಲ್ವಾ?" ನೆರೆಮನೆಯ ರೋಸಿಬಾಯಿ ಜಪಮಣಿ ಎಣಿಸುತ್ತಲೇ ಕೇಳಿದಳು.

ಜೋಕಿಮ್ ಪುಷ್ಪಾವತಿಯ ಕಡೆ ತಿರುಗಿದ. "ಪ್ರತಿ ಕ್ರಿಸ್‌ಮಸ್ಸಿಗೂ ಹೇಳಿ ಕಳಿಸಿದ್ದೇನೆ. ರಜೆ ಇಲ್ಲ ಅಂತಲೇ ಉತ್ತರ. ಹಬ್ಬಕ್ಕೂ ರಜೆ ಕೊಡದ ಕೆಲಸ ಎಂತದ್ದು ಪುಷ್ಪಕ್ಕ?"

ರಜೆ ಇತ್ತು. ಪುಷ್ಪಾವತಿಗೆ ಅದು ಗೊತ್ತಿತ್ತು. ಅವಳು ತಲೆ ತಗ್ಗಿಸಿ ಇನ್ನೊಂದು ಕಾಲುಚೀಲ ಕೈಗೆತ್ತಿಕೊಂಡಳು.

*

ಮೂರು ವರ್ಷಗಳ ಹಿಂದೆ, ಎಪ್ಪತ್ತೊಂಬತ್ತರ ಕ್ರಿಸ್‌ಮಸ್ ಮುಗಿದ ವಾರ ಝೀಟಾ ಬಂದು ಬಾಗಿಲಲ್ಲಿ ನಿಂತಿದ್ದಳು. "ಪುಷ್ಪಕ್ಕ, ನಾಳೆ ಕಾಡಿಗೆ ಬರ್ತೀರಾ?"

"ಕಾಡಿಗಾ? ಅಲ್ಲಿ ಎಂತ ಉಂಟು ಬಾಯಮ್ಮ?"

"ಎಂತದೂ ಇಲ್ಲ. ಹಬ್ಬದ ರಜೆ ಉಂಟಲ್ಲ, ಸುಮ್ಮನೆ."

ಅಜೆಕಾರಿನಲ್ಲಿ ಬಸ್ಸಿಳಿದ ಕೂಡಲೇ ಝೀಟಾ ಊರವರಿಗೆ ಗುರುತು ಸಿಗದಂತೆ ಸೆರಗನ್ನು ತಲೆಗೆಳೆದುಕೊಂಡು ಬಿರಬಿರನೆ ನಡೆದಳು. ರಿಸರ್ವ್ ಕಾಡಿನ ಅಂಚಿನಲ್ಲಿ ಕಾವಲಿಗಿದ್ದ ಭೋಜ ಎದ್ದು ನಿಂತ. "ಓ, ಬಾಯಮ್ಮನಿಗೆ ಈ ವರ್ಷ ಜೊತೆ ಉಂಟಲ್ಲ ಮಾರಾಯ್ರೆ!"

ಒಳಗೆ ಯಾವ ಕಾಲದವೋ ತಿಳಿಯದ ಮರಗಳು. ಗೋಡೆಯಂತೆ ಎದ್ದ ಧೂಪದ ಮರದ ಬೇರುಗಳ ನಡುವೆ ಕುಳಿತು ಝೀಟಾ ಬುತ್ತಿ ಬಿಚ್ಚಿದಳು. ಕೋಣೆಯಲ್ಲಿ ಒಂದು ಮಾತಿಗೆ ಅರ್ಧ ಉತ್ತರ ಕೊಡುವವಳು ಅಲ್ಲಿ ಮಾತಾಡಿಯೇ ಮಾತಾಡಿದಳು. ವಾರ್ಡಿನ ನರ್ಸುಗಳ ನಡಿಗೆಯನ್ನು ಅಣಕಿಸಿ ನಕ್ಕಳು. ಆಮೇಲೆ ಮರಕ್ಕೆ ಅಂಗೈ ಊರಿ ಹೇಳಿದಳು:

"ಮನೆಗೆ ಹೋದರೆ ಎಲ್ಲರದ್ದೂ ಒಂದೇ, ಎಂತಕ್ಕೆ ತಿರುಗಿ ಬಂದೆ? ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ ಕೂತರೆ ನನ್ನ ಒಳಗೆ ಏನೂ ಇರ್ತಿರಲಿಲ್ಲ ಪುಷ್ಪಕ್ಕ. ಅದನ್ನು ಅಮ್ಮನಿಗೆ ಹೇಗೆ ಹೇಳುವುದು? ಈ ಮರಗಳು ಎಂತಕ್ಕೆ ಅಂತ ಕೇಳುವುದಿಲ್ಲ ನೋಡಿ."

ಪುಷ್ಪಾವತಿಗೆ ಕಾಡಿನ ಆ ಮೌನ ಹೆದರಿಕೆ ಹುಟ್ಟಿಸಿತ್ತು. ಬಸ್ಸು ತಪ್ಪುತ್ತದೆಂದು ಅವಸರಿಸಿ ಎಬ್ಬಿಸಿದಳು. ಮರುವರ್ಷ ಝೀಟಾ ಕರೆದಾಗ ಹೊಲಿಗೆ ಕೆಲಸ ಉಂಟೆಂದಳು, ಅದರ ಮರುವರ್ಷ ಸೊಂಟ ನೋವೆಂದಳು. ಈ ಸಲದ ಕ್ರಿಸ್‌ಮಸ್ಸಿಗೆ ಝೀಟಾ ಕರೆಯಲೂ ಇಲ್ಲ. ಬುತ್ತಿ ಹಿಡಿದು ಒಬ್ಬಳೇ ಮೆಟ್ಟಿಲಿಳಿದು ಹೋಗುವುದನ್ನು ಪುಷ್ಪಾವತಿ ಕಿಟಕಿಯಿಂದ ನೋಡಿದ್ದಳು.

*

ಇಗರ್ಜಿಯ ಸಮಾಧಿಭೂಮಿಯಲ್ಲಿ ಮಣ್ಣು ಕೊಟ್ಟು ಬಂದವರು ಗಂಜಿ ಉಂಡು ಹೊರಟರು. ಹಿತ್ತಿಲ ಬಾವಿಕಟ್ಟೆಯಲ್ಲಿ ಜೋಕಿಮ್ ಒಬ್ಬನೇ ನಿಂತಿದ್ದ. ಪುಷ್ಪಾವತಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎಲ್ಲವನ್ನೂ ಹೇಳಿದಳು.

ಜೋಕಿಮ್ ಗುಡ್ಡದ ಕಡೆ ನೋಡಿದ. "ಯಾವ ದಾರಿಯಲ್ಲಿ ಹೋಗ್ತಿದ್ದಳು?"

"ಗುಡ್ಡ ಸುತ್ತಿ. ತುಂಬಾ ದೂರ."

"ನಮ್ಮ ಹಿತ್ತಿಲಿನಿಂದ ಹೋದರೆ ಹತ್ತಿರ. ಸಣ್ಣವರಿರುವಾಗ ಇದರಲ್ಲೇ ಹೋಗ್ತಿದ್ದೆವು." ಮತ್ತೆ ಹೇಳಿದ: "ನಾನೂ ಕೇಳಿದ್ದೆ ಪುಷ್ಪಕ್ಕ. ಎಂತಕ್ಕೆ ಬಂದೆ ಅಂತ ಮೊದಲು ಕೇಳಿದ್ದೇ ನಾನು."

ದನ ನುಗ್ಗದಂತೆ ಆ ಕಾಲುದಾರಿಗೆ ಮುಳ್ಳಿನ ಗೆಲ್ಲುಗಳನ್ನು ಒಟ್ಟಿದ್ದರು. ಜೋಕಿಮ್ ಹೋಗಿ, ಬಿಳಿ ಶರ್ಟಿನ ತೋಳನ್ನೂ ಮಡಚದೆ, ಒಂದೊಂದೇ ಗೆಲ್ಲನ್ನು ಎಳೆದು ಬದಿಗೆಸೆಯತೊಡಗಿದ.

"ಎಂತ ಮಾಡ್ತೀರಿ? ದನ ಬರ್ತದೆ!" ಹೆಂಡತಿ ಸೆಲೀನ್ ಅಡಿಗೆಮನೆಯಿಂದ ಕೂಗಿದಳು.

ಅವನು ತಿರುಗಲಿಲ್ಲ. ತೋಳಿನ ಮೇಲೆ ಅಲ್ಲಲ್ಲಿ ರಕ್ತ ಮೂಡಿತು. ದಾರಿ ತೆರೆಯುತ್ತಲೇ ಯಾರದೋ ಕರು ಒಂದು ಒಳಗೆ ಬಂದು, ಬಸಳೆ ಚಪ್ಪರಕ್ಕೆ ಬಾಯಿ ಹಾಕಿತು. ಜೋಕಿಮ್ ಅದನ್ನು ಅಟ್ಟದೆ ನೋಡುತ್ತ ನಿಂತ.