ಗುಡ್ಡದ ಕೀಲಿಕೈ

ತಿರುವಿನಲ್ಲಿ ಗೇರು ಬದಲಾಯಿಸಿದ ಸದ್ದು, ಅವಳೇ ಇರಬೇಕು, ಅಲ್ಲ, ಹಾಲಿನ ಟ್ಯಾಂಕರು, ಕಿಟಕಿಯ ಗಾಜು ಒಮ್ಮೆ ನಡುಗಿ ಸುಮ್ಮನಾಯಿತು, ಮ್ಯಾಲಕಿ ಬ್ರೆಹನಿ ಎತ್ತಿದ್ದ ಚಹಾವನ್ನು ಕುಡಿಯದೆ ಕೆಳಗಿಟ್ಟ — ಇನ್ನೂ ಬೆಳಕು ಹರಿದಿಲ್ಲ, ಬರುತ್ತಾಳೆ, ನವೆಂಬರಿನ ಮೊದಲ ವಾರ ಮೋಡವಿಲ್ಲದ ಬೆಳಗು ಸಿಕ್ಕಿತೆಂದರೆ ಊನಾ ಟ್ಯಾನ್ಸಿ ಬರದೆ ಇದ್ದದ್ದುಂಟೇ, ಹೊಸ್ತಿಲಿಗೆ ಬೂಟಿನ ಕೆಸರು ತಟ್ಟಿ, ಬಾಗಿಲನ್ನು ಮೆಲ್ಲಗೆ ಬಡಿದು, ಗುಡ್ಡದ ಕೀಲಿ ಇದೆಯಾ ಮ್ಯಾಲಕಿ ಎಂದು ಕೇಳದೆ ಇದ್ದದ್ದುಂಟೇ, ಇದೆ, ಎಲ್ಲಿ ಹೋಗುತ್ತೆ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ, ಅಂಗೈಯುದ್ದದ ಕಬ್ಬಿಣದ ಕೀಲಿಕೈ, ಅದಕ್ಕೆ ಅಮ್ಮ ಕಟ್ಟಿದ ಹಸಿರು ದಾರ ಈಗ ಯಾವ ಬಣ್ಣವೂ ಅಲ್ಲ. ಗುಡ್ಡದ ತುದಿಯಲ್ಲಿರುವ ಸಾವಿರಾರು ವರ್ಷ ಹಳೆಯ ಕಲ್ಲುಗೋರಿಯ ಗೇಟಿಗೆ ಬೀಗ, ಬೀಗಕ್ಕೆ ಕೀಲಿ, ಕೀಲಿ ಎದುರುಮನೆಯಲ್ಲಿ ಕೇಳಿ ಎಂದು ರಸ್ತೆಯ ಫಲಕ, ಎದುರುಮನೆ ಎಂದರೆ ಇದೇ, ಅಜ್ಜಿಯ ಕಾಲದಿಂದಲೂ ಇದೇ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಈ ಪೂಜಾರಿ ಒಬ್ಬರಿಗೂ ಇಲ್ಲ ಅಂದವನಲ್ಲ, ನಿನ್ನೆ ಕಡಲ ಬಂಡೆ ನೋಡಿ ನಾಳೆ ಕೋಟೆ ನೋಡುವ ಪ್ರವಾಸಿಗಳು, ನಡುವೆ ಅರ್ಧ ಗಂಟೆ ನಮ್ಮ ಸತ್ತವರಿಗೆ ಕೊಟ್ಟು ಹೋಗುವವರು, ಒಳಗಿರೋದು ಯಾವ ರಾಜ ಎಂದು ಕೇಳಿದ ಅಮೆರಿಕದ ಮುದುಕ, ಗೊತ್ತಿಲ್ಲ ಸ್ವಾಮಿ, ಇದುವರೆಗೂ ಎದ್ದು ಬಂದು ಹೆಸರು ಹೇಳಿಲ್ಲ, ಕೀಲಿಯ ತುಕ್ಕು ಉಜ್ಜಿ ಎಣ್ಣೆ ಹಚ್ಚಿ ತಂದುಕೊಟ್ಟ ಜರ್ಮನಿಯ ಹೆಂಗಸು, ಕೀಲಿಯ ಜೊತೆಗೊಂದು ಕಿತ್ತಳೆಹಣ್ಣು ಇಟ್ಟುಹೋದವರು ಯಾರೋ, ಮತ್ತೆ ಆ ಹೊತ್ತಿನಲ್ಲೆಲ್ಲ ಖಾಲಿ ಮೊಳೆ. ಮೊಳೆ ಖಾಲಿ ಇದ್ದಾಗ ಕೆಟಲು ಇಳಿಸಬೇಡ ಕಣೋ, ಒಬ್ರು ವಾಪಸ್ ಬರೋರಿದ್ದಾರೆ ಅಂತ ಅರ್ಥ, ಅನ್ನುತ್ತಿದ್ದಳು ಅಮ್ಮ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಅವನು ಸುಖವಾಗಿದ್ದದ್ದು ಮೊಳೆ ಖಾಲಿ ಇದ್ದಾಗ ಮಾತ್ರ.

ಬಾಗಿಲು ಕಾಯೋನು ಒಳಗೆ ಹೋಗಬಾರದು, ಅದೂ ಅಮ್ಮನ ಮಾತೇ, ಹೀಗಾಗಿ ಹುಟ್ಟಿದಾರಭ್ಯ ಗೋರಿಯ ಕೆಳಗೇ ಇದ್ದು ಅವನು ಅದರ ಒಳಗೆ ಕಾಲಿಟ್ಟಿಲ್ಲ, ಹಿತ್ತಲ ಗಿಡ ಮದ್ದಲ್ಲ, ಅಥವಾ ಹೆದರಿಕೆ, ಅಥವಾ ಅಭ್ಯಾಸ. ಊನಾ ಮೊದಲು ಬಂದದ್ದು ಗಂಡನ ಜೊತೆ, ಅವನು ಎತ್ತರದ ಮನುಷ್ಯ, ಈ ಬಾಗಿಲಿಗೇ ಬಗ್ಗಬೇಕಾಯಿತು, ಗೋರಿಯೊಳಗೆ ಹೇಗೆ ನುಸುಳಿದನೋ, ಆಮೇಲೆ ಒಂದು ವರ್ಷ ಇಬ್ಬರೂ ಬರಲಿಲ್ಲ, ಆಮೇಲೆ ಅವಳೊಬ್ಬಳೇ, ಅವನು ಹೋಗಿಬಿಟ್ಟ ಮಿಸ್ಟರ್ ಬ್ರೆಹನಿ ಎಂದು ಇದೇ ಹೊಸ್ತಿಲಲ್ಲಿ ನಿಂತು ಹೇಳಿದಳು, ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ ಅನ್ನಬೇಕಾದವನು ಟಾರ್ಚ್ ಬೇಕಾ ಅಂದ. ಥೂ, ಟಾರ್ಚ್ ಬೇಕಾ. ಅವಳು ನಕ್ಕಳು, ಕಣ್ಣು ಒದ್ದೆ ಇಟ್ಟುಕೊಂಡೇ ನಕ್ಕಳು, ಬೇಡ ಮ್ಯಾಲಕಿ, ಇವತ್ತು ಬಿಸಿಲೇ ಒಳಗೆ ಬರುತ್ತಲ್ಲ, ಆವತ್ತಿನಿಂದ ಮ್ಯಾಲಕಿ. ವರ್ಷದ ಈ ದಿನಗಳಲ್ಲಿ ಸೂರ್ಯ ಏಳುವಾಗ ಕಿರಣ ಗೋರಿಯ ಸಂದಿಯಲ್ಲಿ ನುಗ್ಗಿ ಹಿಂದಿನ ಕಲ್ಲಿಗೆ ಬಡಿಯುತ್ತದಂತೆ, ಕಲ್ಲಿನ ತುಂಬ ಕೆತ್ತಿದ ಸುರುಳಿಗಳು ಒಂದೊಂದಾಗಿ ಎದ್ದು ಕಾಣುತ್ತವಂತೆ, ಎಲ್ಲ ಅವಳು ಹೇಳಿದ್ದು, ಕೀಲಿ ವಾಪಸ್ ಕೊಟ್ಟು ಚಹಾ ಕುಡಿಯುತ್ತ, ಬೆರಳಲ್ಲಿ ಮೇಜಿನ ಮೇಲೆ ಸುರುಳಿ ಬರೆಯುತ್ತ, ನೀನೂ ಬಾ ಒಂದು ಸಲ, ಇಬ್ಬರಿಗೆ ಜಾಗ ಇದೆ, ಪ್ರತಿ ವರ್ಷ ಅದೇ ಮಾತು, ಪ್ರತಿ ವರ್ಷ ಇವನದೂ ಅದೇ ಉತ್ತರ, ಒಲೆ ಮೇಲೆ ಆಲೂಗೆಡ್ಡೆ ಇಟ್ಟಿದ್ದೀನಿ. ಬೆಳಗಿನ ಜಾವ ಆಲೂಗೆಡ್ಡೆ ಬೇಯಿಸುವ ಮಹಾಶಯ ನೀನೊಬ್ಬನೇ ಅಂದಳು ಹೋದ ವರ್ಷ. ಮೀನಮೇಷ ಎಣಿಸಿದ್ದು ಸಾಕು, ಈ ಸಲ ಹೂಂ ಅನ್ನುತ್ತೇನೆ ಎಂದು ಬೇಸಿಗೆಯಲ್ಲೇ ನಿಶ್ಚಯ ಮಾಡಿದ್ದಾನೆ, ಗಡ್ಡ ಕೆರೆದಿದ್ದಾನೆ, ಸೋಡಾ ಬ್ರೆಡ್ಡು ಬಟ್ಟೆ ಸುತ್ತಿಕೊಂಡು ಮೇಜಿನ ಮೇಲೆ ಕೂತಿದೆ, ನಿನ್ನೆ ಒಳ್ಳೆಯ ಕೋಟನ್ನು ಗಾಳಿಗೆ ಹಾಕಿದ್ದು ಕಂಡು ಅಂಚೆಯ ಜಾರ್ಲತ್ ಗಾಡಿ ನಿಲ್ಲಿಸಿದ್ದ, ಯಾರು ಸತ್ರು ಮ್ಯಾಲಕಿ, ಯಾರೂ ಇಲ್ಲ, ಹಂಗಾದ್ರೆ ಮದುವೆನಾ, ಸುಮ್ನೆ ಕಾಗದ ಕೊಟ್ಟು ನಡಿಯೋ ಮಾರಾಯ. ಬರುತ್ತಾಳೆ. ಬರದೆ ಏನು.

ಆದರೆ ಹಳೆಯ ಸ್ಮಾರಕಗಳ ಆ ಸರ್ಕಾರಿ ಆಫೀಸಿನವನು, ಹೋದ ವಾರ ಬಂದು ಗೇಟಿಗೆ ಅಂಕಿ ಒತ್ತುವ ಬೀಗ ಹಾಕಿಹೋದವನು, ಎಷ್ಟು ಒಳ್ಳೆಯ ಮನಸ್ಸಿನಿಂದ ಹೇಳಿದ, ಇನ್ಮೇಲೆ ನಿಮಗೆ ತೊಂದರೆ ಇಲ್ಲ ಬ್ರೆಹನಿಯವರೆ, ಅಂಕಿ ಅವರವರ ಫೋನಿಗೇ ಬರುತ್ತೆ, ಊಟದ ಹೊತ್ತಲ್ಲಿ ಯಾರೂ ಬಂದು ಬಾಗಿಲು ಬಡಿಯಲ್ಲ, ಹಳೇ ಕೀಲಿ ನೀವೇ ಇಟ್ಕೊಳ್ಳಿ, ನೆನಪಿಗಿರಲಿ — ಯಾರು ಹೇಳಿದರು ಇವನಿಗೆ ತೊಂದರೆ ಎಂದು, ರಸ್ತೆಯ ಫಲಕವನ್ನೂ ಕಿತ್ತುಕೊಂಡು ಹೋದ, ಕಂಬವಿದ್ದಲ್ಲಿ ಹುಲ್ಲಿಲ್ಲದ ಗುಂಡಿ ಉಳಿದಿದೆ. ಈ ವಾರ ಬಾಗಿಲು ಬಡಿದವರು ಯಾರೂ ಇಲ್ಲ. ಕಾರುಗಳು ಬಂದವು, ಜನ ಹತ್ತಿದರು, ಇಳಿದರು, ಮೊಳೆಯ ಮೇಲೆ ಕೀಲಿ ಹಾಗೇ ನೇತಾಡಿತು, ಬಾಗಿಲು ತೆಗೆದಾಗ ಒಂದಿಷ್ಟು ಅಲ್ಲಾಡಿ ಮತ್ತೆ ಸುಮ್ಮನೆ. ಅವಳು ಹಾಗಲ್ಲ, ಅವಳಿಗೆ ಕೀಲಿ ಬೇಕಾಗಿಲ್ಲದಿದ್ದರೂ, ಆದರೂ, ಒಂದು ವೇಳೆ, ಇವತ್ತು ತಿಳಿಯುತ್ತದೆ, ಇಷ್ಟು ವರ್ಷ ಬಂದದ್ದು ಕೀಲಿಗೋ ತನ್ನನ್ನು ನೋಡಲಿಕ್ಕೋ, ತಿಳಿಯದೆ ಇದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ಗೇರು, ತಿರುವು, ಈ ಸಲ ಕಾರೇ, ಬೂದು ಬಣ್ಣದ್ದು, ಅವಳದೇ, ನಿಧಾನವಾಗುತ್ತಿದೆ, ಮನೆಯ ಮುಂದೆ — ಮನೆಯ ಮುಂದೆ ಅಲ್ಲ, ಕೆಳಗೆ ಹೊಸದಾಗಿ ಜಲ್ಲಿ ಹಾಸಿದ ಜಾಗದಲ್ಲಿ ನಿಂತಿತು, ಅಲ್ಲೇ ನಿಲ್ಲಿಸಬೇಕು ಎಂದು ಈಗ ಬೇರೆ ಫಲಕ ಇದೆಯಲ್ಲ, ನಡೆದು ಬರುತ್ತಾಳೆ, ಕೆಂಪು ಕೋಟು, ಕೋಲು ಹೊಸದು, ಮಂಡಿನೋವಿರಬೇಕು, ಮ್ಯಾಲಕಿ ಎದ್ದ, ಕೂದಲನ್ನು ಅಂಗೈಯಿಂದ ಒತ್ತಿಕೊಂಡ, ಬಾಗಿಲ ಚಿಲಕದ ಮೇಲೆ ಕೈ, ಬಡಿಯಲಿ, ಬಡಿದ ಮೇಲೆ ತೆಗೆಯೋಣ, ಮೊದಲೇ ತೆಗೆದರೆ ಕಾಯುತ್ತಿದ್ದೆ ಅಂದುಕೊಳ್ಳುತ್ತಾಳೆ.

ಕಿಟಕಿಯಲ್ಲಿ ಕಾಣುತ್ತಾಳೆ, ಗುಡ್ಡಕ್ಕೆ ಹೋಗುವ ಓಣಿಯ ಬಾಯಲ್ಲಿ ನಿಂತಳು. ಮನೆಯ ಕಡೆ ನೋಡಿದಳು, ನೋಡಿದ್ದು ನಿಜ, ಆಮೇಲೆ ಕೈಯಲ್ಲಿದ್ದ ಫೋನು ನೋಡಿದಳು, ಆಮೇಲೆ ಮೂಡಲಿಗೆ ತಿರುಗಿ ಬೆಳಕು ಎಷ್ಟಾಯಿತೆಂದು ನೋಡಿದಳು, ನಡೆದಳು, ಗೋಡೆ ದಾಟುವ ಮೆಟ್ಟುಗಲ್ಲು ಹತ್ತಿ ಕುರಿಗಳ ನಡುವೆ ಮೇಲಕ್ಕೆ. ಮಲಗಿರ್ತಾನೆ ಪಾಪ, ಯಾಕೆ ಎಬ್ಬಿಸೋದು ಅಂದುಕೊಂಡಿರುತ್ತಾಳೆ, ಅಷ್ಟೇ, ಹೊತ್ತಾಗಿಬಿಟ್ಟಿತು, ಬಿಸಿಲು ಯಾರಿಗಾಗಿಯೂ ಕಾಯುವುದಿಲ್ಲ. ಕರೆಯಬಹುದು, ಊನಾ ಎಂದು ಕೂಗಬಹುದು, ಕೂಗಿ ಏನನ್ನುವುದು, ಕೀಲಿ ಅನ್ನುವುದೇ, ಅವಳ ಫೋನಿನಲ್ಲೇ ಇದೆ ಕೀಲಿ. ಬಡಿಯುವವರು ಅವರು, ತೆಗೆಯುವವನು ತಾನು, ಇನ್ನೊಬ್ಬರ ಬಾಗಿಲಿಗೆ ಹೋಗಿ ನಾನು ಬಂದಿದ್ದೀನಿ ಅನ್ನುವ ವಿದ್ಯೆ ಈ ಮನೆಯಲ್ಲಿ ಯಾರೂ ಕಲಿಸಲಿಲ್ಲ. ಕೆಂಪು ಕೋಟು ಗೋರಿಯ ಕಲ್ಲುರಾಶಿಯ ಹತ್ತಿರ ಚುಕ್ಕೆಯಾಯಿತು, ಬಗ್ಗಿತು, ಇಲ್ಲವಾಯಿತು, ಮತ್ತೆ ಅದೇ ಕ್ಷಣ ಬೆಟ್ಟದಾಚೆಯಿಂದ ಬಿಸಿಲು ಬಂದು ಕಿಟಕಿಗೆ, ಬ್ರೆಡ್ಡಿನ ಬಟ್ಟೆಗೆ, ಇಟ್ಟಿದ್ದ ಎರಡು ಲೋಟಗಳಿಗೆ ಬಿತ್ತು, ಅಲ್ಲಿ ಒಳಗೂ ಬಿದ್ದಿರುತ್ತದೆ, ಸುರುಳಿಗಳು ಏಳುತ್ತಿರುತ್ತವೆ, ಅವಳ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ. ಒಂಟಿ ಅಂದರೆ ಇದೇ ಎಂದು ಮ್ಯಾಲಕಿಗೆ ಅನ್ನಿಸಿತು, ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ಅದಕ್ಕೆ ಹೆಸರಿಟ್ಟ. ಚಿಲಕದಿಂದ ಕೈ ತೆಗೆದ, ಕೀಲಿ ಕಣ್ಣೆದುರಿಗೇ ಇತ್ತು, ಅಲ್ಲಾಡದೆ, ಅದನ್ನು ಮೊಳೆಯಿಂದ ತೆಗೆದು, ತಣ್ಣಗಿತ್ತು, ಕೋಟಿನ ಒಳಜೇಬಿಗೆ ಹಾಕಿಕೊಂಡ, ಒಲೆಗೆ ಉರುವಲಿನ ಜೌಗುಮಣ್ಣಿನ ಒಣಹೆಂಟೆ ಒಂದನ್ನಿಟ್ಟ, ಕೆಟಲನ್ನು ಮತ್ತೆ ಒಲೆಯ ಮೇಲಿಟ್ಟ, ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕೂತ, ಒಬ್ರು ವಾಪಸ್ ಬರೋರಿದ್ದಾರೆ, ಮೊಳೆ ಖಾಲಿ ಇದೆಯಲ್ಲ, ಇದೆ, ಮೊಳೆ ಖಾಲಿ ಇದೆ, ಖಾಲಿ ಮೊಳೆ —