ಜಯಮಂಗಲಿಯ ಮರಳಲ್ಲಿ ಹೂತ ಕಾರು

ಮಧುಗಿರಿಯ ಸಾಹುಕಾರ ಚಂದ್ರಶೇಖರಯ್ಯನವರು ಹಳೆಯ ಕಾರನ್ನು ಮಾರುವವರಲ್ಲ. ಓಡುವುದು ನಿಂತ ಮೂರು ಕಾರುಗಳನ್ನು ಕೊಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ತೊಳೆದು, ಸೇವಂತಿಗೆ ಹಾರ ಹಾಕಿ ಊರಿಗೆಲ್ಲ ತೋರಿಸುತ್ತಿದ್ದರು. ಪುಕ್ಕಟೆ ತಮಾಷೆ ಎಂದರೆ ಜನಕ್ಕೇನು ಬರ? ನಲವತ್ತಾರನೇ ಇಸವಿಯಲ್ಲಿ ಸಿದ್ದರಬೆಟ್ಟದ ಕಡೆಯ ರೈತ ದಾಸಣ್ಣನೂ ಹೆಂಡತಿ ಹೊನ್ನಕ್ಕನೂ ಬಂದರು.

ದಾಸಣ್ಣ ಬಂದದ್ದು ಕಾರು ನೋಡಲಿಕ್ಕಲ್ಲ, ಮಾನ ಉಳಿಸಿಕೊಳ್ಳಲಿಕ್ಕೆ. ಮದುವೆಗೆ ಮುಂಚೆ, ಜಯಮಂಗಲಿ ಹೊಳೆಯ ಮರಳಲ್ಲಿ ಹೂತಿದ್ದ ಸಾಹುಕಾರರ ಕಾರನ್ನು ತನ್ನ ಜೋಡಿ ಎತ್ತು ಕಟ್ಟಿ ಎಳೆದೆ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ. ಹೊನ್ನಕ್ಕ ಒಂದು ದಿನವೂ ನಂಬಿದವಳಲ್ಲ.

"ಬುಡು ಬುಡು, ನಾಳೆ ರೈಲು ಎಳ್ದೆ ಅಂತೀಯ" ಎಂದು ರಾಗಿ ಬೀಸುತ್ತಾ ನಗುತ್ತಿದ್ದಳು.

ಕೊನೆಯ ಕಾರನ್ನು ಕಂಡೊಡನೆ ದಾಸಣ್ಣ ಹಿಗ್ಗಿದ. ಅದೇ ಹಿತ್ತಾಳೆ ದೀಪ, ಅದೇ ರಬ್ಬರ್ ಉಂಡೆಯ ಹಾರನ್. ಸಾಹುಕಾರರು ನೆಂಟರಿಗೆ ಅದನ್ನೇ ತೋರಿಸುತ್ತಿದ್ದರು. "ಓಡೋ ಕಾಲದಲ್ಲಿ ಇದು ಒಂದು ದಿನಾನೂ ದಾರೀಲಿ ನಿಂತದ್ದಿಲ್ಲ ನೋಡಿ."

"ನಿಂತಿತ್ತಲ್ಲ ಬುದ್ಧಿ, ಹೊಳೆಯಾಗೆ! ನಮ್ಮೆತ್ತು ಎಳೀಲಿಲ್ವಾ?" ದಾಸಣ್ಣನ ಬಾಯಿ ಸುಮ್ಮನಿರಲಿಲ್ಲ.

ಸಾಹುಕಾರರು ಅವನ ಮುಖವನ್ನೂ ನೋಡಲಿಲ್ಲ. "ಎತ್ತು ಎಳೆಯೋಕೆ ಇದೇನು ಗೊಬ್ಬರದ ಗಾಡಿಯೇನಯ್ಯಾ?"

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ದಾಸಣ್ಣ ತಲೆ ತಗ್ಗಿಸಿದ. ಹೆಂಡತಿಯ ಎದುರಿಗೇ ಹೀಗಾಯಿತಲ್ಲ ಎಂದು ಅವನಿಗೆ ಅಳುವೇ ಬಂತು.

ಹೊನ್ನಕ್ಕನೂ ನಗಬೇಕಿತ್ತು, ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಇಪ್ಪತ್ತು ವರ್ಷ ಕೇಳಿದ ಕಥೆ, ಬಾಯಿಪಾಠವಾಗಿತ್ತು.

"ಸಾವ್ಕಾರ್ರೆ, ನಾನೇ ದಡದಾಗೆ ನಿಂತಿದ್ದೆ, ಕಣ್ಣಾರೆ ನೋಡಿವ್ನಿ. ನೀವು ಪಂಚೆ ಮ್ಯಾಕೆ ಕಟ್ಕಂಡು ಹಿಂದಿಂದ ನೂಕ್ತಿದ್ರಿ. ಎಡಗಾಲಿನ ಬೂಟು ಮರಳಾಗೆ ಸಿಕ್ಕಂಡು ಹೋಯ್ತು. ಒಂಟಿ ಬೂಟಾಗೆ ಊರಿಗೆ ಹೋದ್ರಿ. ಇಲ್ಲ ಅನ್ನಿ ನೋಡಾನ!"

ಸಾಹುಕಾರರ ಕಿವಿ ಕೆಂಪಾಯಿತು. ಆಮೇಲೆ ಏನನ್ನಿಸಿತೋ, ಜೋರಾಗಿ ನಕ್ಕುಬಿಟ್ಟರು.

"ಆ ಬೂಟು ಇವತ್ತಿಗೂ ಸಿಕ್ಕಿಲ್ಲ ಕಣಮ್ಮ" ಎಂದು ಒಪ್ಪಿಕೊಂಡು, ದಾಸಣ್ಣನನ್ನು ಹತ್ತಿರ ಕರೆದು ಪೂಜೆಯ ಮೊದಲ ತೆಂಗಿನಕಾಯಿ ಕೊಟ್ಟರು.

ವಾಪಸು ಬರುವಾಗ ದಾಸಣ್ಣನ ನಡಿಗೆಯೇ ಬೇರೆ. ಪೇಟೆ ದಾಟಿದ ಮೇಲೆ ಹೊನ್ನಕ್ಕ ಮೆಲ್ಲಗೆ ಕೇಳಿದಳು.

"ಅಂಗಾದ್ರೆ ನಿಜವಾಗ್ಲೂ ಎಳ್ದಿದ್ಯಾ?"

ದಾಸಣ್ಣ ನಿಂತೇಬಿಟ್ಟ. "ಲೇ, ನಂಬ್ದೇನೇ ಅಷ್ಟು ಜನದ ಮುಂದೆ ಕಣ್ಣಾರೆ ನೋಡಿವ್ನಿ ಅಂದ್ಯೇನೇ?"

"ನಾನು ನಗ್ತೀನಿ, ನಿನ್ ಹೆಂಡ್ತಿ. ಅವ್ರು ಯಾರು ನಗಾಕೆ?"