ಕಾಲು ತೊಳೆಯುವ ಗುರುವಾರ

ನೀರು, ಮತ್ತೆ ನೀರು, ಸ್ಟೀಲಿನ ಬೋಗುಣಿಗೆ ಬಿದ್ದ ಸದ್ದು, ಇನ್ನಿಬ್ಬರಾದರೆ ತನ್ನ ಸರದಿ, ಗಾದೆಮ್ಮ ಸೆರಗಿನೊಳಗೆ ಕೈ ಮುದುಡಿಕೊಂಡಳು — ಯೇಸು ಶಿಷ್ಯರ ಕಾಲು ತೊಳೆದ ದಿನ ಇದು, ಶುಭ ಶುಕ್ರವಾರದ ಹಿಂದಿನ ದಿನ, ಹಗರಿಬೊಮ್ಮನಹಳ್ಳಿಯ ಈ ತಗಡಿನ ಪ್ರಾರ್ಥನಾಲಯದಲ್ಲಿ ಪಾಸ್ಟರ್ ಭರತ್ ಪ್ರತಿ ವರ್ಷ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ, ನೀರು ಕಾಸಿ ತಂದಿಡುವವಳು ಯಾವಾಗಲೂ ಇವಳು, ಬೆಂಚಿನ ಮೇಲೆ ಕೂತದ್ದು ಈ ಸಲವೇ ಮೊದಲು, ಬೆಳಿಗ್ಗೆ ಬಚ್ಚಲಲ್ಲಿ ಹೆಂಚಿನ ಚೂರು ಹಿಡಿದು ಹಿಮ್ಮಡಿ ತಿಕ್ಕಿದ್ದೇ ತಿಕ್ಕಿದ್ದು, ಪಕ್ಕದ ಮನೆಯ ಜಂಬಕ್ಕ ಗೋಡೆಯಾಚೆಯಿಂದ ಇಣುಕಿ, ಏ ಗಾದೆವ್ವ, ತೊಳಿಸಿಕೊಳ್ಳಾಕ ಹೊಂಟಾಕಿ ತೊಳಕೊಂಡು ಹೊಂಟೀಯಲ್ಲ, ಪಾಸ್ಟರ್ರಿಗೆ ಏನರ ಕೆಲಸ ಉಳಿಸಬೇ ಅಂದಿದ್ದಳು, ಇವಳೂ ನಕ್ಕಿದ್ದಳು, ಆದರೂ ಹೊಲಸು ಕಾಲನ್ನು ದೇವರ ಮುಂದೆ ಚಾಚುವುದು ಹೇಗೆ, ಮೂವತ್ತು ವರ್ಷ ಈ ನೆಲದ ಕಸ ಗುಡಿಸಿದ್ದಾಳೆ, ಲಕ್ವ ಹೊಡೆದು ಮಲಗಿದ ಓಣಿಯ ಲಾಲ್ ಬೀಗೆ ಎರಡು ವರ್ಷ ಮೈ ತೊಳೆದು ತಲೆ ಬಾಚಿದ್ದಾಳೆ, ಆ ಮುದುಕಿ ಪ್ರತಿ ಸಲ, ನಿನ್ನ ದೇವ್ರು ನಿನ್ನ ಚಲೋ ಇಟ್ಟಿರ್ಲಿ ಬೇಟಿ ಅನ್ನುವಾಗ, ಕೇಳಿಸಿತಾ ಸ್ವಾಮಿ ಎಂದು ಮೇಲೆ ನೋಡುತ್ತಿದ್ದಳು — ನೋಡುತ್ತಿದ್ದೆ, ಹೌದು, ಬಾಚಣಿಗೆ ಕೂದಲಲ್ಲಿ, ಕಣ್ಣು ಮೇಲೆ — ಮತ್ತೆ ಬೊಮ್ಮಪ್ಪ, ಗಂಡ ಬೊಮ್ಮಪ್ಪ, ಕುಡಿದು ಹೊಡೆದದ್ದು ಬಿಟ್ಟರೆ ಇನ್ನೊಂದು ಮಾಡಿದವನಲ್ಲ, ಹೋದ ವರ್ಷ ಆಸ್ಪತ್ರೆಯ ಮಂಚದಲ್ಲಿ, ಸಾಯುವ ಮೂರು ದಿನ ಮೊದಲು, ಯೇಸಪ್ಪಾ ನನ್ನ ಕೈ ಬಿಡಬ್ಯಾಡ ಅಂದ, ಅಷ್ಟೇ, ಪಾಸ್ಟರ್ ತಲೆಗೆ ದೀಕ್ಷಾಸ್ನಾನದ ನೀರು ಹಾಕಿದರು, ಮಣ್ಣು ಮಾಡುವಾಗ ಕರ್ತನ ಬಳಿ ಸೇರಿದ್ದಾನೆ ಅಂದರು, ಅವನಿಗೂ ಅದೇ ಸ್ವರ್ಗ, ಇವಳಿಗೂ ಅದೇ, ಹಾಗಾದರೆ ಮೂವತ್ತು ವರ್ಷ ಯಾತಕ್ಕೆ, ಕೇಳಿಯೇಬಿಟ್ಟಿದ್ದಳು, ಯಾತಕ್ರಿ ಪಾಸ್ಟರ್, ನಾನೂ ಕುಡ್ಕೊಂತ ಬಿದ್ದಿದ್ರ ಆಗ್ತಿತ್ತಲ್ಲ, ಅವರು ತಲೆ ಕೆರೆದುಕೊಂಡು, ಕೃಪೆ ಅಂದ್ರ ಕೂಲಿ ಅಲ್ರಿ ಅವ್ವ ಅಂದಿದ್ದರು, ಕೃಪೆ, ಆ ಮಾತು ಒಂದು ವರ್ಷದಿಂದ ಗಂಟಲಲ್ಲಿ ಮುಳ್ಳು — ನೀರಿನ ಸದ್ದು ನಿಂತಿದೆ, ಪಾಸ್ಟರ್ ಇವಳ ಮುಂದೆಯೇ ಮೊಣಕಾಲೂರಿದ್ದಾರೆ, ಮಗನ ವಯಸ್ಸಿನವರು, ನೆತ್ತಿ ಕಾಣುತ್ತಿದೆ, ಎಷ್ಟು ಕೆಳಗೆ, ಅಯ್ಯೋ ಎಷ್ಟು ಕೆಳಗೆ, ಕೈ ತಾನಾಗಿ ಚೊಂಬಿಗೆ ಹೋಗುತ್ತದೆ, ತರ್ರಿ ಇಲ್ಲಿ, ನಾನೇ ತೊಳಕೊಂತೀನಿ — ನೀವೇನೂ ಮಾಡಬ್ಯಾಡ್ರಿ ಅವ್ವ, ಸುಮ್ನ ಕುಂದರ್ರಿ.

ಈ ಮಾತನ್ನು ಇವಳಿಗೆ ಯಾರೂ ಅಂದಿರಲಿಲ್ಲ, ಹೆತ್ತವಳು ಅಂದಿರಲಿಲ್ಲ, ಗಂಡ ಅಂದಿರಲಿಲ್ಲ, ಕಾಲು ಅವರ ಅಂಗೈಯಿಂದ ಒಂದು ಬೆರಳಷ್ಟು ಮೇಲೆ ನಿಂತೇ ಇದೆ, ತೊಡೆ ನಡುಗುತ್ತಿದೆ, ಬಿಗಿ ಹಿಡಿಬ್ಯಾಡ್ರಿ, ಭಾರ ಬಿಡ್ರಿ, ನಾ ಹಿಡದೀನಿ — ಕೊನೆಯ ಮೂರು ದಿನ ತಾನು ಒರೆಸಿದ ಬೊಮ್ಮಪ್ಪನ ಕಾಲು, ಎಷ್ಟು ಭಾರವಿತ್ತು ಅದು, ಎಳೆಗೂಸಿನ ಹಾಗೆ ಪೂರ್ತಿ ಬಿಟ್ಟುಕೊಟ್ಟಿದ್ದ, ಸಾಯುವಾಗಲೂ ಸೋಮಾರಿ ಎಂದು ಬೈದಿದ್ದಳು, ದೇವರಿಗೆ ತೋರಿಸಲು ಅವನ ಬಳಿ ಏನೂ ಇರಲಿಲ್ಲ, ಆ ಏನೂ ಇಲ್ಲದ್ದನ್ನೇ ಕೊಟ್ಟನೇ, ಅದನ್ನೇ ಹಿಡಿದುಕೊಂಡನೇ ದೇವರು, ಲಾಲ್ ಬೀಯ ತಲೆಯೂ ಹೀಗೇ ಒರಗುತ್ತಿತ್ತು, ತನ್ನ ಕಣ್ಣು ಎಲ್ಲಿದ್ದರೂ ಕೈ ಮಾತ್ರ ಹಿಡಿದೇ ಇತ್ತು, ಹಾಗಾದರೆ ಆ ಕೈ, ಅಷ್ಟು ವರ್ಷ ತನ್ನದೆಂದುಕೊಂಡಿದ್ದ ಆ ಕೈ, ಆಗಲೇ ಯಾರದಾಗಿತ್ತು — ತೊಡೆ ಸೋತಿತು, ಹಿಮ್ಮಡಿ ಇಳಿಯಿತು, ಇಳಿದು ನಿಂತಿತು, ಅಂಗೈಯಲ್ಲಿ ಹಿಮ್ಮಡಿ, ಬೆಚ್ಚಗೆ, ಅದರ ಪೂರ್ತಿ ಭಾರ, ಅಂಗೈಯಲ್ಲಿ ಹಿಮ್ಮಡಿ, ಅಂಗೈಯಲ್ಲಿ